ಏಳು ದಿನ ಕೂರಲು ಒಂದು ಊರು

ನೌಕರಿಯಲ್ಲಿದ್ದಾಗ ಬೇಗ ತೀರ್ಮಾನ ಮಾಡುವವನು ಎಂದು ನನಗೆ ಹೆಸರಿತ್ತು. ಬಾಗಲಕೋಟೆಯಿಂದ ಮೂವತ್ತೆರಡು ವರ್ಷ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸಿದೆ. ಯಾವುದು ಸುದ್ದಿ, ಯಾವುದು ಅಲ್ಲ, ಮೊದಲ ಸಾಲಿನಲ್ಲಿ ಏನು ಬರಬೇಕು, ಕೊನೆಯ ಸಾಲನ್ನು ಯಾರಾದರೂ ಕತ್ತರಿಸಿದರೂ ನಷ್ಟವಾಗದಂತೆ ಹೇಗೆ ಬರೆಯಬೇಕು, ಇವನ್ನೆಲ್ಲ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಚಹಾ ಆರುವುದರೊಳಗೆ ನಿರ್ಧರಿಸುತ್ತಿದ್ದೆ. ಅಂಥವನು ನಿವೃತ್ತನಾದ ಮೇಲೆ ಎಂಟು ತಿಂಗಳು ಒಂದೇ ಒಂದು ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಿದೆ. ಪ್ರಶ್ನೆ ಇಷ್ಟೇ: ಯುರೋಪಿನ ಯಾವ ಊರಿನಲ್ಲಿ ಏಳು ದಿನ ಸುಮ್ಮನೆ ಕೂರಬೇಕು?

ಬಯಕೆ ನನ್ನದಲ್ಲ, ನನ್ನ ಹೆಂಡತಿ ವನಜಾಳದು. ಅವಳು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೋಗಿ, ಸಂಜೆ ಬಸ್ಸಿನಲ್ಲಿ ಬಂದಳು. ಚಪ್ಪಲಿ ಮೆಟ್ಟುತ್ತಲೇ ಜಡೆ ಹಾಕಿಕೊಳ್ಳುವ, ಉಪ್ಪಿಟ್ಟನ್ನು ನಿಂತೇ ತಿನ್ನುವ ವಿದ್ಯೆ ಅವಳಿಗೆ ಹೀಗೆ ಒಲಿಯಿತು. ಕರಿಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಯುರೋಪಿನ ನಕ್ಷೆ ಬರೆಯಬಲ್ಲಳು. ಇಟಲಿಯ ಬೂಟಿನ ಹಿಮ್ಮಡಿ ಕೂಡ ತಪ್ಪುವುದಿಲ್ಲ. ಆದರೆ ಯುರೋಪು ಹೋಗಲಿ, ನನ್ನ ಜೊತೆಗೆ ಗೋವೆಯನ್ನೂ ನೋಡಲಿಲ್ಲ. ಗೋವೆಗೆ ಹೊರಟ ವರ್ಷ ಘಟಪ್ರಭೆಗೆ ಮಹಾಪೂರ ಬಂತು. ಮೈಸೂರಿಗೆ ಹೊರಟಾಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಚುನಾವಣೆ ಘೋಷಣೆಯಾದ ಸುದ್ದಿ ಸಿಕ್ಕಿತು. ಅವಳು ಕಟ್ಟಿಕೊಂಡು ಬಂದ ಬುತ್ತಿಯನ್ನು ಮರಳಿ ಬರುವ ಗಾಡಿಯಲ್ಲಿ ತಿಂದೆವು. ಇವು ನೆನಪಿಗೆ ಬಂದ ಎರಡು. ಅವಳ ನೆನಪಿನಲ್ಲಿ ಇನ್ನೂ ಇವೆ.

ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ನಿವೃತ್ತರಾದೆವು. ಅವಳು ನಿವೃತ್ತಳಾದ ವಾರವೇ ರೊಟ್ಟಿ ಬಡಿಯುತ್ತ ಹೇಳಿದಳು.

"ಒಂದು ಊರಿಗೆ ಹೋಗೂದು. ಏಳು ದಿನಾ ಅಲ್ಲೇ ಇರೂದು. ಯಾವ ಬಸ್ಸೂ ಹಿಡೀಬಾರದು. ಊರು ಮಾತ್ರ ನಾ ಹಲಗಿ ಮ್ಯಾಲೆ ನಕ್ಷಾ ತಗದ ಯುರೋಪಿನಾಗ ಇರಬೇಕು."

"ನೋಡಲಿಕ್ಕೆ ಏನೇನು ಇರಬೇಕು?"

"ನೋಡೂದು ಬ್ಯಾಡ. ಇರೂದು ಬೇಕು."

ಇಷ್ಟು ಸ್ಪಷ್ಟವಾದ ಹೇಳಿಕೆಯನ್ನು ಯಾವ ಜಿಲ್ಲಾಧಿಕಾರಿಯೂ ನನಗೆ ಕೊಟ್ಟಿರಲಿಲ್ಲ. ಆದರೂ ನಾನು ಮಾಡಿದ್ದೇನೆಂದರೆ ಒಂದು ಫೈಲು ತೆರೆದದ್ದು.

ಫೈಲಿನಲ್ಲಿ ಹತ್ತೊಂಬತ್ತು ಊರುಗಳಿದ್ದವು. ಪ್ರತಿ ಊರಿಗೂ ಹವಾಮಾನ, ಏರಿಳಿತ, ತರಕಾರಿ ಊಟ, ಕೂರಲು ಬೆಂಚು ಎಂಬ ಅಂಕಣಗಳು. ಎರಡು ಮೂಲಗಳಿಂದ ಖಚಿತಪಡದ ಹೊರತು ಏನನ್ನೂ ಬರೆಯಬಾರದು ಎಂಬ ವೃತ್ತಿಯ ನಿಯಮವನ್ನು ಇಲ್ಲಿಯೂ ಪಾಲಿಸಿದೆ. ಪ್ರವಾಸಿಗರು ಇಂಟರ್ನೆಟ್ಟಿನಲ್ಲಿ ಬರೆಯುವ ಅಭಿಪ್ರಾಯಗಳ ವಿಷಯದಲ್ಲಿ ಈ ನಿಯಮ ಪಾಲಿಸುವವನು ಮನೆ ಬಿಟ್ಟು ಹೊರಡುವುದು ಸಾಧ್ಯವಿಲ್ಲ. ಒಬ್ಬ ಸ್ವರ್ಗವೆಂದು ಬರೆದ ಹೋಟೆಲಿನಲ್ಲಿ ಇನ್ನೊಬ್ಬನಿಗೆ ತಿಗಣೆ ಸಿಕ್ಕಿರುತ್ತದೆ. ಇಬ್ಬರೂ ಪ್ರಾಮಾಣಿಕರೇ. ಬಹುಶಃ ತಿಗಣೆಯೂ.

ವೆನಿಸ್ ಮೊದಲ ದಿನವೇ ಬಿದ್ದುಹೋಯಿತು. ಮುಳುಗುತ್ತಿರುವ ಊರನ್ನು ನೋಡಲು ಬಾಗಲಕೋಟೆಯವನು ವಿಮಾನ ಹತ್ತಬೇಕೇ? ಆಲಮಟ್ಟಿಯ ಹಿನ್ನೀರು ನಮ್ಮ ಹಳೆ ಊರಿಗೆ ಬಂದಾಗ ಇವತ್ತು ಯಾವ ಓಣಿಯವರೆಗೆ ನೀರು ಬಂತೆಂದು ನಾನು ಸಂಜೆಗೊಮ್ಮೆ ವರದಿ ಕಳಿಸುತ್ತಿದ್ದೆ. ನಾನು ಶಾಲೆಗೆ ಹೋಗುತ್ತಿದ್ದ ಓಣಿಯೂ ಒಂದು ದಿನ ಆ ಪಟ್ಟಿಯಲ್ಲಿ ಬಂತು. ಅದಕ್ಕೆಂದು ಬೇರೆ ವಿಶೇಷಣ ಹಚ್ಚಲಿಲ್ಲ. ಉಳಿದ ಓಣಿಗಳ ನಡುವೆ ಅಲ್ಪವಿರಾಮ ಹಾಕಿ ಬರೆದೆ. ಅಂಥ ನೀರಿನ ಮೇಲೆ ದೋಣಿಯಲ್ಲಿ ಕೂತು ಹಾಡು ಕೇಳುವ ಮನಸ್ಸಾಗಲಿಲ್ಲ.

ರೋಮಿನಲ್ಲಿ ಹಳೆಯ ಕಲ್ಲು ಬಹಳ ಎಂದು ಎಲ್ಲ ಮೂಲಗಳೂ ಹೇಳಿದವು. ಕಲ್ಲಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಅಹಂಕಾರ ಇದೆ, ಒಪ್ಪುತ್ತೇನೆ. ಐಹೊಳೆಯಲ್ಲಿ ಒಮ್ಮೆ ಗೈಡ್ ಒಬ್ಬ ವಿದೇಶಿಯರಿಗೆ ಕಂಬದ ಕೆತ್ತನೆ ವಿವರಿಸುತ್ತಿದ್ದ. ಅದೇ ಕಂಬದ ಬುಡದಲ್ಲಿ ಹಪ್ಪಳ ಒಣಹಾಕಿದ್ದ ಮುದುಕಿ ಅವರಿಗೆ, "ಫೋಟೋ ಎಷ್ಟರ ತಗೋರಿ, ಹಪ್ಪಳಾ ತುಳೀಬ್ಯಾಡ್ರಿ" ಎಂದಳು. ಅದಾದ ಮೇಲೆ ಹಗ್ಗ ಕಟ್ಟಿ ದೂರ ನಿಲ್ಲಿಸುವ ಪುರಾತನ ಕಲ್ಲುಗಳ ಮೇಲೆ ನನಗೆ ವಿಶ್ವಾಸವಿಲ್ಲ. ಪ್ಯಾರಿಸ್ಸಿಗೆ ಹೋಗಿ ಗೋಪುರ ಹತ್ತದೆ ಬಂದರೆ ಈಗ ನಾವಿರುವ ನವನಗರದ ಸಂಜೆಯ ವಾಕಿಂಗಿನಲ್ಲಿ ಜವಾಬು ಕೊಡಬೇಕಾಗುತ್ತದೆ. ಲಿಸ್ಬನ್ನಿನಲ್ಲಿ ಮೆಟ್ಟಿಲುಗಳಿವೆ, ವನಜಾಳ ಎಡಮೊಣಕಾಲಿನಲ್ಲಿ ನೋವಿದೆ. ವಿಯೆನ್ನಾ ಎರಡು ತಿಂಗಳು ಪಟ್ಟಿಯ ತಲೆಯ ಮೇಲಿತ್ತು. ಒಂದು ಕಪ್ ಕಾಫಿ ತರಿಸಿಕೊಂಡು ದಿನವಿಡೀ ಕೂತರೂ ಅಲ್ಲಿ ಯಾರೂ ಎಬ್ಬಿಸುವುದಿಲ್ಲವಂತೆ. ಅಷ್ಟರಲ್ಲಿ ಅಲ್ಲಿನ ಮಾಣಿಗಳು ಸಿಡುಕರು ಎಂದು ಓದಿದೆ. ಎರಡನೆಯ ಮೂಲವನ್ನು ಹುಡುಕಿದೆ. ಸಿಡುಕೇ ಅಲ್ಲಿನ ಸೊಗಸು ಎಂದು ಅದು ಹೇಳಿತು. ಆ ಪುಟದ ಅಂಚಿನಲ್ಲಿ 'ಪರಿಶೀಲಿಸುವುದು' ಎಂದು ಬರೆದಿಟ್ಟೆ.

ಹೀಗೆ ಬೇಸಿಗೆ ಮುಗಿಯಿತು, ಮಳೆಗಾಲವೂ ಮುಗಿಯಿತು. ಯಾವಾಗಲೆಂದು ಗೊತ್ತಿಲ್ಲ, ವನಜಾ ಆ ಮಾತು ಎತ್ತುವುದನ್ನು ಬಿಟ್ಟಿದ್ದಳು. ಮೊದಲು ನಾನು ಹೊಸ ಊರೊಂದನ್ನು ಓದಿ ಹೇಳಿದರೆ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಈಗ ಕೆಲಸ ಮಾಡುತ್ತಲೇ ಕೇಳುತ್ತಿದ್ದಳು. ಅಧಿಕಾರಿಗಳು ಪ್ರಶ್ನೆಗೆ ಸಿಟ್ಟಾದರೆ ಹೆದರಬೇಕಿಲ್ಲ, ಸುಮ್ಮನಾದರೆ ಎಚ್ಚರವಾಗಬೇಕು ಎಂದು ಬಲ್ಲವನು ನಾನು. ಆದರೆ ಮನೆಯಲ್ಲಿ ಆ ಜ್ಞಾನ ಉಪಯೋಗಕ್ಕೆ ಬರಲಿಲ್ಲ.

ನಮ್ಮ ಕಡೆ ಗಂಡನಿಗೆ ಹೇಳಬೇಕಾದ ಮುಖ್ಯ ಮಾತನ್ನು ಹೆಂಗಸರು ಮೂರನೆಯವರ ಮುಂದೆ ಹೇಳುವುದು ಪದ್ಧತಿ. ಆ ಮೂರನೆಯವರಾಗಿ ಒದಗಿದವರು ಇಳಕಲ್ಲಿನ ನೇಕಾರ ಹುಸೇನಸಾಬ. ವನಜಾ ಅವರಲ್ಲಿ ಇಪ್ಪತ್ತು ವರ್ಷದಿಂದ ಸೀರೆ ನೇಯಿಸುತ್ತಾಳೆ. ಪ್ರವಾಸಕ್ಕೆಂದು ಒಂದು ಸೀರೆ ಹೇಳಲು ಹೋಗಿದ್ದೆವು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಆಗಲೇ ಅವಳ ಚೀಲದಲ್ಲಿತ್ತು. ಹುಸೇನಸಾಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೇಳಿದರು.

"ಯಾ ಊರಿಗ್ರಿ ಅಕ್ಕೋರ?"

"ಅದನ್ನ ಇವ್ರು ಹುಡುಕಲಿಕ್ಕ ಹತ್ಯಾರ."

"ಅಲ್ರಿ ಸಾಹೇಬ್ರ, ಥಂಡಿ ಊರಾದ್ರ ಪೂರಾ ರೇಷ್ಮಿ ಹಾಕಬೇಕು, ಬಿಸಲ ಊರಾದ್ರ ಹತ್ತಿ ಬೆರಸಬೇಕು. ಊರ ಗೊತ್ತಿಲ್ಲದ ಸೀರಿ ನಾ ಹ್ಯಾಂಗ ನೇಯ್ಲಿ?"

"ಇನ್ನೊಂದು ಹದಿನೈದು ದಿನ" ಎಂದೆ ನಾನು.

"ಎಂಟು ತಿಂಗಳಿಂದ ಹದಿನೈದು ದಿನಾನ ಆಗಲಿಕ್ಕ ಹತ್ಯಾವ" ಎಂದಳು ವನಜಾ, ನನ್ನ ಕಡೆ ನೋಡದೆ. "ಹುಸೇನಸಾಬ್ರ, ದಸರಾದ ತನಕಾ ನೋಡ್ತೇನಿ. ಆಮ್ಯಾಲೆ ನಮ್ಮ ಸಾಲಿ ಕಮಲಾ ಟೀಚರ್ ಜೋಡಿ ಹೋಗಿಬಿಡ್ತೇನಿ. ಆಕಿ ಪಾಸ್‌ಪೋರ್ಟ್ ಸೈತ ಮಾಡಿಸ್ಯಾಳ."

ಅದರಲ್ಲಿ ಸಿಟ್ಟಿರಲಿಲ್ಲ. ಕಮಲಾ ಟೀಚರ್ ದೈಹಿಕ ಶಿಕ್ಷಣದವರು. ಸೀಟಿ ಊದಿದರೆ ಹುನಗುಂದದ ಅರ್ಧ ಊರು ಸಾಲಾಗಿ ನಿಲ್ಲುತ್ತದೆ. ಅವರು ಹೋಗುವುದೆಂದರೆ ಹೋಗುವುದೇ. ಹುಸೇನಸಾಬ ಲಾಳಿಯನ್ನು ಆಚೆ ಈಚೆ ಎರಡು ಸಲ ಓಡಿಸಿ, "ಸಾಹೇಬ್ರ, ಹಂಗಾದ್ರ ನೀವು ನಮ್ಮ ಊರಾಗ ಬಂದು ಕುಂದರ್ರಿ. ಖರ್ಚ ಕಡಿಮಿ" ಎಂದರು. ಅವರ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ಮರಳುವ ಬಸ್ಸಿನಲ್ಲಿ ನನಗೊಂದು ಉಪಾಯ ಹೊಳೆಯಿತು. ನಿಜವಾದ ತೊಡಕು ಊರಿನದಲ್ಲ, ಕೂರುವುದರದು ಇರಬೇಕು ಅನ್ನಿಸಿತು. ನಾವಿಬ್ಬರೂ ಒಂದೂರಿನಲ್ಲಿ ಏನೂ ಮಾಡದೆ ಕೂತದ್ದೇ ಇಲ್ಲ. ಒಮ್ಮೆ ತಾಲೀಮು ಮಾಡಿ ನೋಡಬಾರದೇಕೆ? ಬಾದಾಮಿಯಲ್ಲಿ ಹೊಂಡವಿದೆ, ಗುಡ್ಡವಿದೆ, ವಿದೇಶಿಯರಿಗೆಂದೇ ಕಟ್ಟಿದ ಲಾಡ್ಜುಗಳಿವೆ. ಬಸ್ಸಿನಲ್ಲಿ ಹೆಚ್ಚೆಂದರೆ ತಾಸಿನ ದಾರಿ. ನಾಲ್ಕು ದಿನ ಅಲ್ಲಿ ಪರಸ್ಥಳದವರಂತೆ ಇದ್ದು ಬರುವುದು. ವನಜಾಳಿಗೆ ಹೇಳಿದೆ. "ಆಗಲಿ" ಎಂದಳು.

ಲಾಡ್ಜಿನ ಮ್ಯಾನೇಜರ್ ನಮ್ಮ ವಿಳಾಸ ಓದಿ ಪೆನ್ನು ಕೆಳಗಿಟ್ಟ. "ಬಾಗಲಕೋಟಿಯವ್ರ? ಏನರ ರೇಡ್ ಐತೇನ್ರಿ ಸರ್?" ಇಲ್ಲ, ಸುಮ್ಮನೆ ಬಂದಿದ್ದೇವೆ ಎಂದೆ. ಆತ ನಂಬಲಿಲ್ಲ. ಅಂದು ಸಂಜೆ ಅಡುಗೆಮನೆ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅದು ಸಣ್ಣ ತೊಂದರೆ. ದೊಡ್ಡದನ್ನು ನಾನು ಮರೆತೇಬಿಟ್ಟಿದ್ದೆ. ಬಾದಾಮಿಯಲ್ಲಿ ವನಜಾಳ ಕಾಕಾನ ಮಗ ಪಾಂಡುರಂಗನ ಮನೆಯಿದೆ. ನಮ್ಮಲ್ಲಿ ಬೀಗರು ಬಿಜ್ಜರು ಇರುವ ಊರಿನಲ್ಲಿ ಲಾಡ್ಜಿಗೆ ಇಳಿಯುವುದೆಂದರೆ ಆ ಮನೆಯ ಬಾಗಿಲನ್ನು ಹೊರಗಿನಿಂದ ಮುಚ್ಚಿದಂತೆ. ಹತ್ತೊಂಬತ್ತು ಊರುಗಳ ಹವಾಮಾನ ಬಲ್ಲ ನಾನು ಇದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮರುದಿನ ಬೆಳಗ್ಗೆ ಎಂಟಕ್ಕೆ ಪಾಂಡುರಂಗ ನಮ್ಮ ಕೋಣೆಯ ಬಾಗಿಲಲ್ಲಿ ನಾಲ್ಕಂತಸ್ತಿನ ಡಬ್ಬಿ ಹಿಡಿದುಕೊಂಡು ನಿಂತಿದ್ದ.

"ಭಾವಾ, ನಾ ಇನ್ನೂ ಸತ್ತಿಲ್ಲ."

"ಅಯ್ಯ ಪಾಂಡು, ಒಳಗ ಬಾರೋ" ಎಂದಳು ವನಜಾ.

"ನಾ ಲಾಡ್ಜಿನ ಖೋಲಿಯಾಗ ಕಾಲಿಡಂಗಿಲ್ಲ. ಹಾಲು ಹಾಕಾಂವ ಹೇಳಿದಾ, ನಿಮ್ಮ ಅಕ್ಕ ಭಾವ ಲಾಡ್ಜಿನಾಗ ಅದಾರಂತ. ಹಾಲು ಹಾಕಾವನಿಂದ ನನಗ ಗೊತ್ತಾಗಬೇಕಾ?" ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದ. "ಖರೆ ಹೇಳ್ರಿ ಭಾವಾ. ಅಕ್ಕನ ಜೋಡಿ ಏನರ ಜಗಳಾ ಆಗೇದೇನು?"

ಯುರೋಪು ಪ್ರವಾಸದ ತಾಲೀಮು ಎಂದು ವಿವರಿಸಿದೆ. ಪಾಂಡುರಂಗ ಪೂರ್ತಿ ಕೇಳಿದ. ಬಳಿಕ ಅಕ್ಕನ ಕಡೆ ತಿರುಗಿ, "ಇವ್ರಿಗೆ ರಿಟೈರ್ ಆದಮ್ಯಾಲೆ ಡಾಕ್ಟರಿಗೆ ತೋರಿಸೀಯೇನು?" ಎಂದ. ಕೊನೆಗೆ ಒಪ್ಪಂದವಾಯಿತು. ಮಲಗುವುದು ಲಾಡ್ಜಿನಲ್ಲಿ, ಉಣ್ಣುವುದು ಅವರ ಡಬ್ಬಿಯದು. ಹೀಗೆ ಎಣ್ಣೆಗಾಯಿ, ಝುಣಕ, ಶೇಂಗಾ ಹೋಳಿಗೆ ದಿನಕ್ಕೆ ಮೂರು ಸಲ ಲಾಡ್ಜಿನ ಮೆಟ್ಟಿಲು ಹತ್ತಿದವು. ತಂದವನು ಮಾತ್ರ ಹೊಸ್ತಿಲಾಚೆಯೇ ನಿಂತು, ನಾವು ಉಂಡದ್ದನ್ನು ಖಚಿತಪಡಿಸಿಕೊಂಡು ಹೋಗುತ್ತಿದ್ದ. ನನ್ನ ಫೈಲಿನಲ್ಲಿ ಅಂದೇ ಹೊಸ ಅಂಕಣ ಸೇರಿತು: ಸಂಬಂಧಿಕರು, ಇದ್ದಾರೆ ಅಥವಾ ಇಲ್ಲ.

ಮೂರನೆಯ ದಿನ ಬೆಳಗ್ಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತಿದ್ದೆವು. ಎದುರಿಗೆ ಕೆಂಪು ಬಂಡೆ, ನಡುವೆ ಹಸಿರು ನೀರು, ಆಚೆ ದಂಡೆಯಲ್ಲಿ ಗುಡಿ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಟ್ಟೆ ಬಡಿದ ಸದ್ದು ಬಂಡೆಗೆ ತಾಗಿ, ಬಡಿದವಳ ಕೈ ಮತ್ತೆ ಮೇಲೇರಿದ ಹೊತ್ತಿಗೆ ನಮ್ಮ ಕಡೆ ಬರುತ್ತಿತ್ತು. ವನಜಾ ಕಾಲು ಚಾಚಿ ಕೂತವಳು ಒಂದು ತಾಸು ಅಲುಗಲಿಲ್ಲ. ಬಸ್ಸಿಗೆ ಓಡುವ ಹೆಣ್ಣುಮಗಳನ್ನಷ್ಟೇ ನೋಡಿದ್ದ ನನಗೆ ಅವಳು ಇಷ್ಟು ಚೆನ್ನಾಗಿ ಕೂರಬಲ್ಲಳೆಂದು ಗೊತ್ತಿರಲಿಲ್ಲ. ನಾನು ಮೂರು ಸಲ ಎದ್ದೆ. ಒಮ್ಮೆ ಚಹಾಕ್ಕೆ, ಒಮ್ಮೆ ಮಂಗನನ್ನು ಓಡಿಸಲಿಕ್ಕೆ, ಒಮ್ಮೆ ಕಾರಣವಿಲ್ಲದೆ. ಆಮೇಲೆ ಕಿಸೆಯಿಂದ ನೋಟ್‌ಬುಕ್ ತೆಗೆದೆ.

"ಏನು ಬರೀಲಿಕ್ಕ ಹತ್ತೀರಿ?"

"ಎಷ್ಟು ಮಂದಿ ಬಟ್ಟಿ ಒಗೀಲಿಕ್ಕ ಬಂದಾರ ಅಂತ."

"ಎಷ್ಟು?"

"ಹದಿನೇಳು."

"ಮುಂದ?"

ಮುಂದೇನೂ ಇರಲಿಲ್ಲ. ಯಾರೂ ಆ ವರದಿಗೆ ಕಾಯುತ್ತಿರಲಿಲ್ಲ. ನೋಟ್‌ಬುಕ್ಕನ್ನು ಮಡಚಿ, ಎಂಟು ತಿಂಗಳಲ್ಲಿ ಮೊದಲ ಸಲ, ಪಟ್ಟಿ ಕೈಯಲ್ಲಿಲ್ಲದೆ ಕೇಳಿದೆ.

"ನಿನಗ ಯಾವ ಊರು ಬೇಕು?"

"ಬ್ರಾಟಿಸ್ಲಾವಾ" ಎಂದಳು. ಯೋಚಿಸಲೂ ಇಲ್ಲ.

ಹತ್ತೊಂಬತ್ತರಲ್ಲಿ ಆ ಊರು ಇರಲಿಲ್ಲ.

"ಡ್ಯಾನ್ಯೂಬ್ ನದಿ ದಂಡಿ ಮ್ಯಾಲೆ ನಾಲ್ಕು ರಾಜಧಾನಿ" ಎಂದು ಅವಳು ನೀರಿನ ಕಡೆ ನೋಡುತ್ತ ಹೇಳಿದಳು. "ನಮ್ಮ ಹುಡುಗರು ವಿಯೆನ್ನಾ ಬರೀತಿದ್ರು, ಬುಡಾಪೆಸ್ಟ್ ಬರೀತಿದ್ರು, ಬೆಲ್‌ಗ್ರೇಡ್ ಬರೀತಿದ್ರು. ನಾಲ್ಕನೇದು ಪ್ರತಿ ವರ್ಷ ಮರೀತಿದ್ರು. ಅದಕ್ಕ ಇಪ್ಪತ್ತಾರು ವರ್ಷ ಅರ್ಧ ಅರ್ಧ ಮಾರ್ಕ್ ಕಡದೀನಿ. ಪಾಪ, ಅದೇನು ಅಷ್ಟು ಮರೀಯೂ ಊರು, ಒಮ್ಮೆ ಹೋಗಿ ಕೂತು ಬರಬೇಕು ಅನಸ್ತದ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಪಟ್ಟಿ ಮುಂದ ಹಿಡದು, ಇದರಾಗ ಯಾವುದು ಅಂತ ಕೇಳಿದ್ರಿ. ಇದರಾಗ ಇರಲಿಲ್ಲ."

ಎದುರಿನವರ ಬಾಯಿಗೆ ಉತ್ತರ ತುರುಕಿ ಪ್ರಶ್ನೆ ಕೇಳಬಾರದು ಎಂದು ಹೊಸ ವರದಿಗಾರರಿಗೆ ಪಾಠ ಹೇಳುತ್ತಿದ್ದವನು ನಾನೇ. ಊರಿನ ಸುದ್ದಿಯೆಲ್ಲ ತಂದು, ಒಲೆಯ ಮುಂದಿನ ಸುದ್ದಿಯನ್ನು ತಪ್ಪಿಸಿಕೊಂಡಿದ್ದೆ. ಆಮೇಲೆ ಓದಿ ನೋಡಿದರೆ ವಿಯೆನ್ನಾದಿಂದ ಜನ ಅರ್ಧ ದಿನದ ಮಟ್ಟಿಗೆ ಅಲ್ಲಿಗೆ ಬಂದು, ಸಂಜೆಗೆ ಮರಳಿ ಹೋಗುತ್ತಾರಂತೆ. ಏಳು ದಿನ ಕೂರುವವರಿಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಇನ್ನೇನು ಬೇಕು? ಎರಡನೆಯ ಮೂಲವನ್ನು ನಾನು ಹುಡುಕಲಿಲ್ಲ.

ಆದರೆ ಮೆಟ್ಟಿಲ ಮೇಲೆ ಮಾತು ಅಲ್ಲಿಗೇ ಮುಗಿಯಲಿಲ್ಲ.

"ಊರು ಗೊತ್ತಾತು" ಎಂದಳು ವನಜಾ. "ಜೋಡಿ ಯಾರು ಅನ್ನೂದು ಉಳೀತು. ಕಮಲಾ ಟೀಚರ್ ಆದ್ರ ಮುಂಜಾನೆ ಐದಕ್ಕ ಎಬ್ಬಿಸಿ ಕವಾಯತ್ ಮಾಡಸ್ತಾಳ. ನೀವಾದ್ರ ಬೆಂಚು ಎಣಸ್ತೀರಿ. ಇಬ್ಬರಾಗೂ ಕೂಡೂ ಗುಣಾ ಇಲ್ಲ."

"ನಾ ಕೂಡ್ತೇನಿ."

"ಹನ್ನೆರಡರ ತನಕಾ ಕೂಡ್ರಿ, ನೋಡೂಣು."

ಆಗ ಹತ್ತೂಕಾಲು. ಕೂತೆ. ಮೊದಲ ಅರ್ಧ ತಾಸು ಕಾಲು ಜೋಮು ಹಿಡಿಯಿತು. ಆಮೇಲೆ ನಾನು ಬರೆಯಬೇಕಾದ, ಬರೆಯದೆ ಬಿಟ್ಟ, ಬರೆದು ತಪ್ಪಾದ ಸುದ್ದಿಗಳೆಲ್ಲ ಸರದಿಯಲ್ಲಿ ನೆನಪಿಗೆ ಬಂದವು. ಅವೂ ಮುಗಿದವು. ಬಳಿಕ ಬಂಡೆಯ ನೆರಳು ನೀರಿನಿಂದ ಹಿಂದೆ ಸರಿಯುವುದು ಕಾಣತೊಡಗಿತು. ನೂರು ಸಲ ಬಾದಾಮಿಗೆ ಬಂದಿದ್ದೇನೆ. ಮಂತ್ರಿಗಳ ಹಿಂದೆ, ಉತ್ಸವಗಳ ಹಿಂದೆ, ಒಮ್ಮೆ ಕಳುವಾದ ಮೂರ್ತಿಯ ಹಿಂದೆ. ಆ ನೆರಳನ್ನು ನೋಡಿರಲಿಲ್ಲ. ಹನ್ನೆರಡಾದದ್ದು ನನಗೆ ಗೊತ್ತಾದದ್ದು ಪಾಂಡುರಂಗ ಡಬ್ಬಿ ಹಿಡಿದು ಮೆಟ್ಟಿಲಿಳಿಯುವುದು ಕಂಡಾಗ. ಹೊಂಡದ ದಂಡೆ ಲಾಡ್ಜಲ್ಲವಾದ್ದರಿಂದ ಅಂದು ಅವನೂ ನಮ್ಮ ಜೊತೆ ಕೂತು ಉಂಡ. ನಾನು ಪಾಸಾದೆನೋ ಇಲ್ಲವೋ ಎಂದು ವನಜಾಳ ಮುಖ ನೋಡಿದೆ. ಮಾಸ್ತರಿಕೆಯವರು ಉತ್ತರಪತ್ರಿಕೆ ತಿದ್ದುವಾಗಲೂ ಹೀಗೆಯೇ, ಮುಖದ ಮೇಲೆ ಅಂಕ ಕಾಣಿಸುವುದಿಲ್ಲ.

ದಸರೆಗೆ ಐದು ದಿನ ಮೊದಲು ನವನಗರದ ಟ್ರಾವೆಲ್ ಏಜೆಂಟನ ಬಳಿ ಹೋದೆವು. ಆತ ಹತ್ತು ದಿನಕ್ಕೆ ಏಳು ದೇಶ ತೋರಿಸಿ ಹೆಸರು ಮಾಡಿದವನು. ಒಂದೇ ಊರು, ಏಳು ದಿನ ಎಂದಾಗ ಅವನಿಗೆ ನಿಜವಾಗಿ ದುಃಖವಾಯಿತು.

"ಅಕ್ಕಾರ, ಅಷ್ಟ ರೊಕ್ಕದಾಗ ಸ್ವಿಟ್ಜರ್ಲೆಂಡ್ ಸೈತ ಆಗತೈತ್ರಿ. ಅಲ್ಲಿ ಏಳ್ ದಿನಾ ಏನ ಮಾಡ್ತೀರಿ?"

"ಕೂಡ್ತೇವಿ" ಎಂದಳು ವನಜಾ.

"ಏಳೂ ದಿನಾ?"

"ಆರು ದಿನಾ ಕೂಡ್ತೇವಿ. ಒಂದು ದಿನಾ ಗುಡ್ಡದ ಮ್ಯಾಲೆ ಕ್ವಾಟಿ ಅದಂತ, ಮೊಣಕಾಲು ಹೂಂ ಅಂದ್ರ ಹತ್ತಿ, ಅಲ್ಲಿ ಕೂಡ್ತೇವಿ."

ಏಜೆಂಟ ನಿಟ್ಟುಸಿರು ಬಿಟ್ಟು ಅರ್ಜಿಯ ಫಾರ್ಮನ್ನು ಅವಳ ಮುಂದಿಟ್ಟ. ಅವಳು ಕನ್ನಡಕ ಹಾಕಿಕೊಂಡು, ಮಕ್ಕಳಿಗೆ ಮಾದರಿ ತೋರಿಸುವಂತೆ ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ತನ್ನ ಹೆಸರು, ಹುಟ್ಟಿದ ದಿನ, ವಿಳಾಸ. ಅದರ ಕೆಳಗೆ ಜೊತೆಗೆ ಬರುವ ಪ್ರಯಾಣಿಕರ ಹೆಸರಿಗೊಂದು ಖಾಲಿ ಚೌಕ. ಅಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಪೆನ್ನಿನಲೆ ಬರೀಲಿಕ್ಕ ಹತ್ತೀನಿ" ಎಂದಳು ನನಗೆ. "ಆಮ್ಯಾಲೆ ಚುನಾವಣಿ ಬಂತು, ಹೊಳಿ ಬಂತು ಅನ್ನೂಹಂಗಿಲ್ಲ."

"ಬರಿ" ಎಂದೆ.

ಜಿಲ್ಲಾ ವರದಿಗಾರರಿಗೆ ಪತ್ರಿಕೆಯಲ್ಲಿ ಹೆಸರಿರುವುದಿಲ್ಲ. ಮೂವತ್ತೆರಡು ವರ್ಷ ನಾನು ಬರೆದದ್ದೆಲ್ಲ 'ನಮ್ಮ ಪ್ರತಿನಿಧಿಯಿಂದ' ಎಂದೇ ಅಚ್ಚಾಯಿತು. ಅದರ ಬಗ್ಗೆ ನನಗೆ ಎಂದೂ ಕೊರಗಿರಲಿಲ್ಲ. ವರದಿಗಾರ ಕಾಣಿಸಬಾರದು, ಸುದ್ದಿ ಕಾಣಿಸಬೇಕು ಎಂದು ಈಗಲೂ ನಂಬುತ್ತೇನೆ. ಆದರೂ ವನಜಾ ಆ ಚೌಕದೊಳಗೆ ನನ್ನ ಹೆಸರನ್ನು, ಅಪ್ಪನ ಹೆಸರಿನೊಂದಿಗೆ, ಅಡ್ಡಹೆಸರಿನೊಂದಿಗೆ, ಒಂದಕ್ಷರವೂ ಬಿಡದೆ ಪೂರ್ತಿಯಾಗಿ ಬರೆದು ಮುಗಿಸುವವರೆಗೆ ನಾನು ಬಗ್ಗಿ ನೋಡುತ್ತಲೇ ಇದ್ದೆ.